ಮಿದುಳಿನ ಹೊಸ್ತಿಲು: ರಕ್ತ-ಮಿದುಳು ತಡೆ, ಮಿದುಳಪೊರೆ, ಬೆನ್ನಿನ ನೀರು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ-ಮಿದುಳು ತಡೆ ನಿಜಕ್ಕೂ ಎಲ್ಲಿದೆ? ತಲೆಬುರುಡೆಯ ಒಳಗಿನ ಪೊರೆಯೇ ಅದು?

ಅಲ್ಲ. ಪೊರೆಗಳ ವಿಷಯ ಬೇರೆ, ಮುಂದೆ ಬರುತ್ತದೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಕಾಯುವ ಈ ತಡೆ ಇರುವುದು ಮಿದುಳಿನ ತುಂಬ ಹರಡಿಕೊಂಡಿರುವ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಒಳಮೈಯಲ್ಲಿ. ಒಂದು ಮಿದುಳಿನ ಲೋಮನಾಳಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಕಲಬುರಗಿಯವರೆಗಿನ ರಸ್ತೆಯಷ್ಟು. ಒಳಮೈಯನ್ನು ಹರವಿದರೆ 12ರಿಂದ 18 ಚದರ ಮೀಟರ್, ಒಂದು ದೊಡ್ಡ ಕೋಣೆಯ ನೆಲದಷ್ಟು.

ದೇಹದ ಬೇರೆ ಕಡೆ ಲೋಮನಾಳದ ಕೋಶಗಳ ನಡುವೆ ಸಣ್ಣ ಸಂದುಗಳಿರುತ್ತವೆ. ರಕ್ತದಲ್ಲಿ ಕರಗಿದ ಸಣ್ಣ ಅಣುಗಳು ಅಲ್ಲಿಂದ ನುಸುಳಿ ಅಂಗಾಂಶ ಸೇರುತ್ತವೆ. ಮಿದುಳಿನಲ್ಲಿ ಆ ಸಂದುಗಳನ್ನು ಕ್ಲಾಡಿನ್-5, ಆಕ್ಲುಡಿನ್ ಮೊದಲಾದ ಪ್ರೋಟೀನುಗಳು ಹೊಲಿಗೆ ಹಾಕಿದಂತೆ ಮುಚ್ಚಿರುತ್ತವೆ. ಹೊರಗಿನಿಂದ ಪೆರಿಸೈಟ್ ಎಂಬ ಕೋಶಗಳು ನಾಳವನ್ನು ತಬ್ಬಿರುತ್ತವೆ, ಅದರಾಚೆ ಆಸ್ಟ್ರೋಸೈಟ್‌ಗಳ ಪಾದಗಳು ಸುತ್ತುವರಿದಿರುತ್ತವೆ. ನಾಳದ ಕೋಶ, ಪೆರಿಸೈಟ್, ನರಕೋಶಗಳಿಗೆ ಆಸರೆಯಾಗುವ ಆಸ್ಟ್ರೋಸೈಟ್, ಈ ಮೂವರಲ್ಲಿ ಯಾರು ಸೋತರೂ ಹೊಲಿಗೆ ಸಡಿಲವಾಗುತ್ತದೆ. ಹಾಗಾಗಿ ಇದನ್ನು ಕಲ್ಲಿನ ಗೋಡೆಯೆಂದುಕೊಳ್ಳುವುದಕ್ಕಿಂತ ಹಗಲಿರುಳು ಕೆಲಸ ಮಾಡುವ ಚೆಕ್‌ಪೋಸ್ಟ್ ಎಂದುಕೊಳ್ಳುವುದು ಸರಿ. ಗೋಡೆಗೆ ಊಟ ಬೇಕಿಲ್ಲ, ಇದಕ್ಕೆ ಬೇಕು.

ಇದನ್ನು ಕಂಡುಹಿಡಿದದ್ದು ಹೇಗೆ?

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಚ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದಾಗ ಎಲ್ಲ ಅಂಗಗಳೂ ಬಣ್ಣ ಹಿಡಿದವು, ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಮಿದುಳಿಗೆ ಬಣ್ಣ ಅಂಟುವ ಗುಣವೇ ಇಲ್ಲ ಎಂದು ಅವರು ತಿಳಿದರು. ಅವರದೇ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನು ತಿರುಗಿಸಿ ನೋಡಿದರು: ಟ್ರಿಪಾನ್ ನೀಲಿ ಎಂಬ ಬಣ್ಣವನ್ನು ನೇರವಾಗಿ ಮಿದುಳಿನ ಸುತ್ತಲ ನೀರಿಗೆ ಸೇರಿಸಿದರು. ಮಿದುಳು ನೀಲಿಯಾಯಿತು, ದೇಹ ಆಗಲಿಲ್ಲ. ಅಂದರೆ ಅಂಟುವುದರಲ್ಲಿ ತೊಂದರೆಯಿಲ್ಲ, ಒಳಗೆ ಬಿಡುವುದರಲ್ಲಿ ಇದೆ. ತಡೆ ನಾಳದ ಕೋಶಗಳ ಬೆಸುಗೆಯಲ್ಲೇ ಇದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡದ್ದು 1967ರಲ್ಲಿ, ರೀಸ್ ಮತ್ತು ಕಾರ್ನೋವ್‌ಸ್ಕಿ ಇಲಿಗಳ ಮೇಲೆ ಮಾಡಿದ ಕೆಲಸದಿಂದ.

ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ?

ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಮದ್ಯ, ನಿಕೋಟಿನ್ ಸಲೀಸಾಗಿ ದಾಟುತ್ತವೆ. ಔಷಧಿಯಾದರೆ ಕೊಬ್ಬಿನಲ್ಲಿ ಕರಗಬೇಕು, ಅಣುತೂಕ ಸುಮಾರು 400ರಿಂದ 500 ಡಾಲ್ಟನ್ ಒಳಗಿರಬೇಕು, ನೀರಿನೊಂದಿಗೆ ಹೈಡ್ರೋಜನ್ ಬಂಧ ಕಟ್ಟುವ ತಾಣಗಳು ಕಡಿಮೆಯಿರಬೇಕು. ಗ್ಲೂಕೋಸ್‌ಗೆ ಗ್ಲೂಟ್-1 ಎಂಬ ಪ್ರತ್ಯೇಕ ಬಾಗಿಲಿದೆ. ಕೆಲವು ಅಮೈನೋ ಆಮ್ಲಗಳಿಗೆ ಲ್ಯಾಟ್-1 ಎಂಬ ಇನ್ನೊಂದು ಬಾಗಿಲು.

ಒಳಗೆ ಬಂದದ್ದನ್ನೂ ಮತ್ತೆ ರಕ್ತಕ್ಕೆ ಎತ್ತಿ ಹಾಕುವ ಪಂಪುಗಳೂ ಇವೆ, ಮುಖ್ಯವಾದದ್ದು ಪಿ-ಗ್ಲೈಕೋಪ್ರೋಟೀನ್. ಅದರ ಮಹತ್ವ ಬಯಲಾದ ಬಗೆ ವಿಚಿತ್ರ. ಈ ಪಂಪಿನ ಜೀನ್ ತೆಗೆದ ಇಲಿಗಳನ್ನು ಸಾಕುತ್ತಿದ್ದ ನೆದರ್ಲೆಂಡ್ಸ್‌ನ ಪ್ರಯೋಗಾಲಯದಲ್ಲಿ ಮೈಗೆ ಹತ್ತಿದ ನುಸಿಹುಳದ (ಮೈಟ್) ಕಾಟಕ್ಕೆ ಐವರ್‌ಮೆಕ್ಟಿನ್ ಬಳಸಿದರು. ಬೇರೆ ಇಲಿಗಳಿಗೆ ಏನೂ ಆಗಲಿಲ್ಲ, ಪಂಪಿಲ್ಲದವು ಸತ್ತವು. ಅವು ಆ ಔಷಧಿಗೆ ಸುಮಾರು 100 ಪಟ್ಟು ಹೆಚ್ಚು ಸೂಕ್ಷ್ಮ ಎಂದು 1994ರಲ್ಲಿ ಪ್ರಕಟವಾಯಿತು. ಕೋಲಿ ತಳಿಯ ಅನೇಕ ನಾಯಿಗಳಿಗೂ ಹುಟ್ಟಿನಿಂದಲೇ ಇದೇ ಕೊರತೆ.

ಮನೆಯಲ್ಲಿರುವ ಮಾತ್ರೆಗಳಲ್ಲಿ ಇದರ ಪರಿಣಾಮ ಕಾಣುತ್ತದೆಯೇ?

ದಿನಾ ಕಾಣುತ್ತದೆ. ನೆಗಡಿಗೆ ಕೊಡುವ ಹಳೆಯ ಕ್ಲೋರ್‌ಫೆನಿರಮೈನ್ ನಿದ್ದೆ ತರಿಸುತ್ತದೆ, ಏಕೆಂದರೆ ಅದು ದಾಟುತ್ತದೆ. ಅದೇ ಬಗೆಯ ಹೊಸ ಮಾತ್ರೆ ಫೆಕ್ಸೊಫೆನಡಿನ್ ತರಿಸುವುದಿಲ್ಲ, ಪಂಪು ಅದನ್ನು ಹೊರಗಟ್ಟುತ್ತದೆ. ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಕುಲದ್ದೇ ಆದರೂ ಮಾಮೂಲಿ ಪ್ರಮಾಣದಲ್ಲಿ ಅಮಲು ಕೊಡುವುದಿಲ್ಲ. ಕಾರಣ ಅದೇ ಪಂಪು. ವಾಂತಿಯ ಕೇಂದ್ರ ಮಿದುಳಿನ ಬುಡದಲ್ಲಿ ತಡೆಯಿಲ್ಲದ ಒಂದು ಪುಟ್ಟ ಜಾಗದಲ್ಲಿದೆ (ರಕ್ತದಲ್ಲಿ ವಿಷವಿದೆಯೇ ಎಂದು ರುಚಿ ನೋಡುವುದೇ ಅದರ ಕೆಲಸ), ಹಾಗಾಗಿ ಡೊಂಪೆರಿಡೋನ್ ಮಿದುಳಿನೊಳಗೆ ಹೋಗದೆಯೇ ವಾಂತಿ ನಿಲ್ಲಿಸುತ್ತದೆ. ವಾಂತಿಗೇ ಕೊಡುವ ಮೆಟೊಕ್ಲೋಪ್ರಮೈಡ್ ಒಳಗೆ ಹೋಗುತ್ತದೆ, ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕವನ್ನು ತಡೆಯುತ್ತದೆ. ಡೋಪಮೈನ್ ಕಡಿಮೆಯಾಗಿ ಚಲನೆ ಕುಂಠಿತವಾಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಅದನ್ನು ಕೊಡಬಾರದು. ಕ್ಯಾಶುವಾಲಿಟಿಯಲ್ಲಿ ವಾಂತಿಗೆ ಇಂಜೆಕ್ಷನ್ ಹಾಕುವ ಮೊದಲು ಪಾರ್ಕಿನ್ಸನ್ ಇದೆ ಎಂದು ಮನೆಯವರು ಹೇಳಿಬಿಡುವುದು ಒಳ್ಳೆಯದು.

ಪಾರ್ಕಿನ್ಸನ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೆ ಏಕೆ ಕೆಲಸ ಮಾಡುವುದಿಲ್ಲ?

ರೋಗಿಗೆ ಬೇಕಾದದ್ದು ಡೋಪಮೈನ್, ಅದು ದಾಟುವುದಿಲ್ಲ. ಆದ್ದರಿಂದ ಅದರ ಹಿಂದಿನ ರೂಪವಾದ ಲೆವೊಡೋಪಾ ಕೊಡುತ್ತಾರೆ. ಅದು ಅಮೈನೋ ಆಮ್ಲ, ಲ್ಯಾಟ್-1 ಬಾಗಿಲಿನಿಂದ ಒಳಹೋಗುತ್ತದೆ. ದಾರಿಯಲ್ಲೇ ಡೋಪಮೈನ್ ಆಗಿ ವ್ಯರ್ಥವಾಗದಿರಲಿ ಎಂದು ಕಾರ್ಬಿಡೋಪಾ ಸೇರಿಸಿರುತ್ತಾರೆ, ಅದು ಬೇಕೆಂದೇ ತಡೆ ದಾಟದ ಅಣು. ಬೇಳೆ, ಮೊಸರು, ಮೊಟ್ಟೆ, ಮಾಂಸ ಜೀರ್ಣವಾದಾಗ ಬರುವ ಅಮೈನೋ ಆಮ್ಲಗಳು ಕರುಳಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾದ ಜೊತೆ ಕ್ಯೂ ನಿಲ್ಲುತ್ತವೆ. ಅದಕ್ಕೇ ಊಟಕ್ಕೆ 30 ನಿಮಿಷ ಮೊದಲು ಅಥವಾ ಊಟವಾಗಿ ಒಂದು ತಾಸಿನ ನಂತರ ಮಾತ್ರೆ. ಮಾತ್ರೆಯಿಂದ ಹೊಟ್ಟೆ ತೊಳಸುವವರು ಪ್ರೋಟೀನ್ ಇಲ್ಲದ ಒಂದೆರಡು ಬಿಸ್ಕತ್ತು ತಿನ್ನಬಹುದು. ಪ್ರೋಟೀನನ್ನೇ ಬಿಟ್ಟುಬಿಡುವುದು ತಪ್ಪು. ರಾತ್ರಿ ಊಟಕ್ಕೆ ತಳ್ಳಿದರೆ ಸಾಕು. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ ನಿಜ, ಆದರೆ ಪುಡಿಯಿಂದ ಪುಡಿಗೆ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆ ವೈದ್ಯರಿಗೆ ಹೇಳದೆ ಸೇರಿಸಿದರೆ ಮೈ ಕುಣಿತ, ಭ್ರಮೆ ಹೆಚ್ಚುತ್ತವೆ.

ಮಿದುಳಪೊರೆ ಮತ್ತು ಬೆನ್ನಿನ ನೀರು ಎಂದರೇನು?

ಹೊರಗೆ ದಪ್ಪ ಡ್ಯೂರಾ, ನಡುವೆ ಜೇಡರ ಬಲೆಯಂಥ ಅರಕ್ನಾಯ್ಡ್, ಮಿದುಳಿಗೆ ಅಂಟಿಕೊಂಡ ತೆಳು ಪಯಾ: ಮೂರು ಪೊರೆ. ಒಳಗಿನ ಎರಡರ ನಡುವೆ ಮಿದುಳು, ಬೆನ್ನುಹುರಿಗಳ ಸುತ್ತ ನೀರಿದೆ. ಬೆನ್ನಿನಿಂದ ತೆಗೆಯುವುದರಿಂದ ಅದನ್ನು ಬೆನ್ನಿನ ನೀರು ಎನ್ನುತ್ತಾರೆ. ದೊಡ್ಡವರಲ್ಲಿ ಯಾವಾಗಲೂ ಸುಮಾರು 150 ಮಿ.ಲೀ., ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ತಯಾರಾಗುತ್ತದೆ. ಮುಖ್ಯವಾಗಿ ಮಿದುಳಿನ ಕುಹರಗಳೊಳಗಿನ ಕೋರಾಯ್ಡ್ ಪ್ಲೆಕ್ಸಸ್ ರಕ್ತದಿಂದ ಅದನ್ನು ಸೋಸಿ ಕೊಡುತ್ತದೆ. ರಕ್ತಕ್ಕೂ ಈ ನೀರಿಗೂ ನಡುವೆ ಇದು ಎರಡನೆಯ ತಡೆ. ರಕ್ತದಿಂದ ಬೆನ್ನಿನ ನೀರಿಗೆ ಔಷಧಿ ಬಂತೆಂದರೆ ಮಿದುಳಿನ ಒಳಗೂ ಬಂತು ಎಂದಲ್ಲ. ಸಂಶೋಧನಾ ಪ್ರಬಂಧ ಓದುವಾಗ ಜಾರುವುದು ಇಲ್ಲೇ.

ಬೆನ್ನಿನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆಯೇ?

ನಮ್ಮ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ನಿಲ್ಲುವುದು ಈ ಭಯಕ್ಕೆ. ದೊಡ್ಡವರ ಬೆನ್ನುಹುರಿ ಸೊಂಟದ ಒಂದನೆಯ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಮೂಳೆಗಳ ನಡುವೆ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು, ಸೂಜಿ ತಾಗಿದರೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಒಂದು ಕ್ಷಣ ಕಾಲಿಗೆ ಮಿಂಚು ಹೊಡೆದಂತಾಗಬಹುದು.

ನಿಜವಾದ ಅಪಾಯ ಬೇರೆ. ತಲೆಯೊಳಗೆ ಗೆಡ್ಡೆ, ಕೀವು, ಹೆಚ್ಚು ಊತ ಇದ್ದಾಗ ಕೆಳಗಿನಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜರುಗಬಹುದು. ಎಚ್ಚರ ತಪ್ಪುತ್ತಿದ್ದರೆ, ಹೊಸದಾಗಿ ಫಿಟ್ಸ್ ಬಂದಿದ್ದರೆ, ಒಂದು ಕಡೆ ಬಲ ಕಡಿಮೆಯಾಗಿದ್ದರೆ, ಕಣ್ಣಿನ ಹಿಂಭಾಗದ ನರ ಊದಿದ್ದರೆ ಮೊದಲು ಸಿಟಿ ಸ್ಕ್ಯಾನ್ ಮಾಡುವುದು ಅದಕ್ಕೆ. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದರೂ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೂ ಮುಂದಕ್ಕೆ ಹಾಕುತ್ತಾರೆ. ಬ್ಯಾಕ್ಟೀರಿಯಾದ ಮಿದುಳು ಜ್ವರದ ಅನುಮಾನವಿದ್ದರೆ ಸ್ಕ್ಯಾನ್‌ಗಾಗಿ ಆಂಟಿಬಯೋಟಿಕ್ ಕಾಯಿಸಬಾರದು: ರಕ್ತದ ಕಲ್ಚರ್ ತೆಗೆದು ಔಷಧಿ ಶುರು, ಆಮೇಲೆ ಸ್ಕ್ಯಾನ್.

ಎದ್ದು ಕೂತಾಗ ತಲೆನೋವು, ಮಲಗಿದರೆ ಕಡಿಮೆ, ಇದು ಪೊರೆಯ ತೂತಿನಿಂದ ನೀರು ಸೋರುವ ಲಕ್ಷಣ. ಪೆನ್ಸಿಲ್ ಮೊನೆಯ ಸೂಜಿ ಬಳಸಿದರೆ ಇದು ಬಹಳ ಕಡಿಮೆಯಾಗುತ್ತದೆ. ಪರೀಕ್ಷೆಯ ನಂತರ ಗಂಟೆಗಟ್ಟಲೆ ಮಲಗಿಸುವುದರಿಂದ ಲಾಭವಿಲ್ಲ ಎಂದು ಸಾಬೀತಾಗಿದೆ, ವಾರ್ಡುಗಳಲ್ಲಿ ರೂಢಿ ಮಾತ್ರ ಹೋಗಿಲ್ಲ.

ಬೆನ್ನಿನ ನೀರಿನ ವರದಿಯಲ್ಲಿ ಏನು ನೋಡಬೇಕು?

ಒತ್ತಡ ನೀರಿನ 6ರಿಂದ 25 ಸೆಂ.ಮೀ. ಒಳಗೆ, ಪ್ರೋಟೀನ್ ಡೆಸಿಲೀಟರಿಗೆ 15ರಿಂದ 45 ಮಿ.ಗ್ರಾಂ., ಬಿಳಿ ಕಣ 5ರೊಳಗೆ. ಸಕ್ಕರೆಯ ಅಂಕಿಯನ್ನು ಒಂಟಿಯಾಗಿ ನೋಡಬಾರದು. ಅದು ರಕ್ತದ ಸಕ್ಕರೆಯ ಸುಮಾರು 60% ಇರಬೇಕು. ಮಧುಮೇಹದವರ ರಕ್ತದಲ್ಲಿ 300 ಇದ್ದಾಗ ಬೆನ್ನಿನ ನೀರಿನ 80 ಮಾಮೂಲಿಯಲ್ಲ, ಕಡಿಮೆ. ಹಾಗಾಗಿ ಅದೇ ಹೊತ್ತಿಗೆ ರಕ್ತದ ಸಕ್ಕರೆಯೂ ಬೇಕು. ಮಕ್ಕಳಲ್ಲಿ ಫಿಟ್ಸ್ ಜೊತೆ ಈ ಅನುಪಾತ ಮಾತ್ರ ಇಳಿದು ಉಳಿದದ್ದೆಲ್ಲ ಸರಿಯಿದ್ದರೆ ಗ್ಲೂಟ್-1 ಕೊರತೆ ಯೋಚಿಸಬೇಕು. ಡಿ ವಿವೊ ತಂಡ 1991ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಸಕ್ಕರೆಯ ಬಾಗಿಲೇ ಅರ್ಧ ಮುಚ್ಚಿರುತ್ತದೆ. ಕೀಟೋಜೆನಿಕ್ ಆಹಾರ (ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ) ಕೊಟ್ಟರೆ ಮಿದುಳಿಗೆ ಬೇರೆ ಬಾಗಿಲಿನಿಂದ ಇಂಧನ ಸಿಗುತ್ತದೆ. ಇಲ್ಲಿ ರಕ್ತವನ್ನು ಸೂಜಿ ಚುಚ್ಚುವ ಮೊದಲೇ ತೆಗೆಯಬೇಕು, ಅಳುವ ಮಗುವಿನ ರಕ್ತದ ಸಕ್ಕರೆ ಏರಿಬಿಡುತ್ತದೆ.

ಮಿದುಳಿನ ಟಿಬಿಗೆ ಶ್ವಾಸಕೋಶದ ಟಿಬಿಗಿಂತ ಉದ್ದದ ಚಿಕಿತ್ಸೆ ಏಕೆ?

ಉತ್ತರದ ದೊಡ್ಡ ಪಾಲು ತಡೆಯಲ್ಲೇ ಇದೆ. ಟಿಬಿ ಔಷಧಿಗಳಲ್ಲಿ ಐಸೋನಿಯಾಜಿಡ್ ಬೆನ್ನಿನ ನೀರಿನಲ್ಲಿ ರಕ್ತದ 80ರಿಂದ 90% ಮಟ್ಟಕ್ಕೆ ಬರುತ್ತದೆ, ಪೈರಜಿನಮೈಡ್ 90%ಗೂ ಮೇಲೆ. ರಿಫಾಂಪಿಸಿನ್ ಮಾತ್ರ 10ರಿಂದ 20%. ಎಥಾಂಬುಟಾಲ್ ಸುಮಾರು 20ರಿಂದ 30%, ಅದೂ ಪೊರೆ ಊದಿದ್ದಾಗ. ಸ್ಟ್ರೆಪ್ಟೋಮೈಸಿನ್ ಇನ್ನೂ ಕಡಿಮೆ. ಇನ್ನೊಂದು ವಿಪರ್ಯಾಸ ನೋಡಿ: ಚಿಕಿತ್ಸೆ ಹಿಡಿದು ಊತ ಇಳಿದಂತೆ ತಡೆ ಮತ್ತೆ ಬಿಗಿಯಾಗುತ್ತದೆ, ಆಗ ಎಥಾಂಬುಟಾಲ್, ಸ್ಟ್ರೆಪ್ಟೋಮೈಸಿನ್‌ಗಳ ಪ್ರವೇಶ ಇನ್ನಷ್ಟು ಕುಗ್ಗುತ್ತದೆ. ಆರು ತಿಂಗಳ ಬದಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಕೊಡುವುದಕ್ಕೆ ಇದು ಒಂದು ಕಾರಣ.

ಹಾಗಾದರೆ ರಿಫಾಂಪಿಸಿನ್ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ವಿಯೆಟ್ನಾಂನಲ್ಲಿ 817 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆ.ಜಿ.ಗೆ 10ರ ಬದಲು 15 ಮಿ.ಗ್ರಾಂ. ಕೊಟ್ಟು, ಲೆವೊಫ್ಲಾಕ್ಸಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಸೇರಿಸಿದರೂ ಸಾವು ಕಡಿಮೆಯಾಗಲಿಲ್ಲ. ಸಾಯಿಸುವುದು ಬ್ಯಾಕ್ಟೀರಿಯಾ ಮಾತ್ರವಲ್ಲ, ಅದರ ವಿರುದ್ಧ ನಮ್ಮ ದೇಹ ಎಬ್ಬಿಸುವ ಉರಿಯೂತವೂ ಹೌದು: ಮಿದುಳಿನ ಬುಡದಲ್ಲಿ ಗಟ್ಟಿಯಾದ ಕಸ ಸೇರಿ ನೀರಿನ ದಾರಿ ಕಟ್ಟುತ್ತದೆ, ರಕ್ತನಾಳ ಉರಿದು ಸ್ಟ್ರೋಕ್ ಆಗುತ್ತದೆ. ಅದಕ್ಕೇ ಸ್ಟೀರಾಯ್ಡ್. 2004ರಲ್ಲಿ ಅದೇ ದೇಶದ 545 ರೋಗಿಗಳಲ್ಲಿ ಡೆಕ್ಸಮೆಥಸೋನ್ ಸಾವನ್ನು 41.3%ರಿಂದ 31.8%ಕ್ಕೆ ಇಳಿಸಿತು. ಕಾಯಿಲೆಯ ಹಂತ ನೋಡಿ ಕೆ.ಜಿ.ಗೆ 0.3 ಅಥವಾ 0.4 ಮಿ.ಗ್ರಾಂ.ನಿಂದ ಶುರು ಮಾಡಿ 6ರಿಂದ 8 ವಾರದಲ್ಲಿ ಇಳಿಸುತ್ತಾರೆ. ಎಚ್‌ಐವಿ ಇರುವವರಲ್ಲಿ ಮಾತ್ರ 2023ರ ಪ್ರಯೋಗ ಆ ಲಾಭ ತೋರಿಸಲಿಲ್ಲ.

ಎಡವುವ ಜಾಗಗಳು ಮೂರು. ಮೊದಲನೆಯದು ಪರೀಕ್ಷೆಗೆ ಕಳಿಸುವ ನೀರಿನ ಪ್ರಮಾಣ. ಬ್ಯಾಕ್ಟೀರಿಯಾ ತೀರಾ ವಿರಳವಾಗಿರುವುದರಿಂದ 1 ಮಿ.ಲೀ. ಕಳಿಸಿದರೆ ಸಿಗುವುದಿಲ್ಲ, ಟಿಬಿಗೆಂದೇ ಕನಿಷ್ಠ 6 ಮಿ.ಲೀ. ಬೇಕು, ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಅಡಿಯ ಗಸಿ ಪರೀಕ್ಷಿಸಬೇಕು. ಎರಡನೆಯದು ಟಿಬಿಯ ಜೀನ್ ಹುಡುಕುವ ಎಕ್ಸ್‌ಪರ್ಟ್ ಅಲ್ಟ್ರಾ ಪರೀಕ್ಷೆ ನೆಗೆಟಿವ್ ಬಂದರೆ ಟಿಬಿ ಇಲ್ಲ ಎಂದು ಕೈಬಿಡುವುದು. ಅದು ಹಾಗೆ ಹೇಳುವುದಿಲ್ಲ. ಮೂರನೆಯದು ಮನೆಯಲ್ಲಿ ಆಗುವುದು: ಚೇತರಿಸಿಕೊಳ್ಳುತ್ತಿದ್ದವರಿಗೆ ಕೆಲವು ವಾರಗಳಲ್ಲಿ ಮತ್ತೆ ಜ್ವರ, ತಲೆನೋವು ಬಂದಾಗ ಔಷಧಿ ನಾಟಲಿಲ್ಲವೆಂದು ನಿಲ್ಲಿಸುತ್ತಾರೆ. ಎಷ್ಟೋ ಸಲ ಅದು ಸತ್ತ ಬ್ಯಾಕ್ಟೀರಿಯಾದ ಚೂರುಗಳಿಗೆ ದೇಹ ತೋರುವ ಸಿಟ್ಟು. ಆಸ್ಪತ್ರೆಗೆ ತಕ್ಷಣ ಹೋಗಬೇಕು, ಆದರೆ ಮಾತ್ರೆ ನಿಲ್ಲಿಸಬಾರದು. ಕಣ್ಣು ಹಳದಿಯಾದರೆ ಮಾತ್ರ ಅದು ಲಿವರ್ ವಿಷಯ. ಆ ದಿನವೇ ವೈದ್ಯರನ್ನು ಕೇಳಬೇಕು.

ಮಿದುಳು ಊದಿದಾಗ ಮ್ಯಾನಿಟಾಲ್ ಬಾಟಲಿ ಹಾಕುತ್ತಾರಲ್ಲ, ಅದು ಹೇಗೆ ಕೆಲಸ ಮಾಡುತ್ತದೆ?

ಮ್ಯಾನಿಟಾಲ್ ತಡೆ ದಾಟದ ಸಕ್ಕರೆ ಜಾತಿಯ ಅಣು. ರಕ್ತದಲ್ಲೇ ಉಳಿದು ಮಿದುಳಿನಿಂದ ನೀರನ್ನು ಎಳೆಯುತ್ತದೆ. ಅಂದರೆ ತಡೆ ಗಟ್ಟಿಯಿದ್ದ ಕಡೆ ಮಾತ್ರ ಅದರ ಕೆಲಸ; ತಡೆ ಒಡೆದ ಭಾಗದಲ್ಲಿ ತಾನೇ ಸೋರಿ ಒಳಗೆ ಕೂರುತ್ತದೆ. ಪದೇ ಪದೇ ಕೊಟ್ಟರೆ ಲಾಭ ಕುಂದುವುದಕ್ಕೆ ಇದೂ ಒಂದು ಕಾರಣ. 20% ದ್ರಾವಣ ಚಳಿಯಲ್ಲಿ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಬಿಸಿನೀರಿನಲ್ಲಿ ಕರಗಿಸಿ, ಮೈ ಬಿಸಿಗೆ ತಣಿಸಿ, ಫಿಲ್ಟರ್ ಇರುವ ಸೆಟ್‌ನಿಂದ ಹಾಕಬೇಕು. ಗೆಡ್ಡೆಯ ಸುತ್ತಲಿನ ಊತಕ್ಕೆ ಡೆಕ್ಸಮೆಥಸೋನ್ ಚೆನ್ನಾಗಿ ಹಿಡಿಯುತ್ತದೆ, ಸೋರುವ ನಾಳಗಳನ್ನು ಬಿಗಿ ಮಾಡುತ್ತದೆ. ಸ್ಟ್ರೋಕ್‌ನ ಊತಕ್ಕೆ ಅದರಿಂದ ಉಪಯೋಗವಿಲ್ಲ.

ಎಂಆರ್‌ಐನಲ್ಲಿ ಕಾಂಟ್ರಾಸ್ಟ್ ಏಕೆ?

ಕಾಂಟ್ರಾಸ್ಟ್ ಎಂದು ರಕ್ತಕ್ಕೆ ಚುಚ್ಚುವ ಗ್ಯಾಡೋಲಿನಿಯಂ ಗಟ್ಟಿಯಾದ ತಡೆಯನ್ನು ದಾಟದು. ಎಲ್ಲಿ ಬೆಳ್ಳಗೆ ಹೊಳೆಯಿತೋ ಅಲ್ಲಿ ತಡೆ ಸೋರುತ್ತಿದೆ ಎಂದರ್ಥ. ನಮ್ಮಲ್ಲಿ ಫಿಟ್ಸ್ ಬಂದವರ ಸ್ಕ್ಯಾನ್‌ನಲ್ಲಿ ಕಾಣುವ ಉಂಗುರದಂಥ ಕಲೆ ಬಹಳ ಸಲ ಲಾಡಿಹುಳುವಿನ ಸಾಯುತ್ತಿರುವ ಮರಿ, ಕೆಲವೊಮ್ಮೆ ಟಿಬಿಯ ಗಂಟು. 20 ಮಿ.ಮೀ.ಗಿಂತ ಚಿಕ್ಕದಾಗಿದ್ದು ಮಿದುಳನ್ನು ಪಕ್ಕಕ್ಕೆ ತಳ್ಳದಿದ್ದರೆ ಹುಳುವಿನ ಸಾಧ್ಯತೆ ಹೆಚ್ಚು. ಆಲ್ಬೆಂಡಜೋಲ್ ಕೊಟ್ಟಾಗ ಮರಿ ಸತ್ತು ಸೋರಿಕೆ ಇನ್ನೂ ಹೆಚ್ಚುವುದರಿಂದ ಜೊತೆಗೆ ಸ್ಟೀರಾಯ್ಡ್ ಇರಬೇಕು. ಮೆಡಿಕಲ್ ಸ್ಟೋರಿನಿಂದ ಹುಳದ ಮಾತ್ರೆಯೊಂದನ್ನೇ ತಂದು ನುಂಗುವುದು ಅಪಾಯ.

ಮಿದುಳಿನ ಕ್ಯಾನ್ಸರ್‌ಗೆ ಕೀಮೋ ಏಕೆ ಸರಿಯಾಗಿ ಹಿಡಿಯುವುದಿಲ್ಲ?

ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರ್‌ನ ನಡುಭಾಗದಲ್ಲಿ ತಡೆ ಹರಿದಿರುತ್ತದೆ, ಅಂಚಿನಲ್ಲಿ ನುಸುಳುತ್ತಿರುವ ಕೋಶಗಳ ಸುತ್ತ ಗಟ್ಟಿಯಾಗಿಯೇ ಇರುತ್ತದೆ. ಸರ್ಜನ್ ನಡುಭಾಗ ತೆಗೆಯುತ್ತಾರೆ, ಮರುಕಳಿಸುವುದು ಅಂಚಿನಿಂದ. ದಾಟಬಲ್ಲ ಕೀಮೋ ಔಷಧಿ ಟೆಮೊಜೊಲೊಮೈಡ್ ಕೂಡ ಬೆನ್ನಿನ ನೀರಿನಲ್ಲಿ ರಕ್ತದ ಸುಮಾರು 20% ಮಾತ್ರ. ರೇಡಿಯೇಷನ್ ಜೊತೆ ಅದನ್ನು ಸೇರಿಸಿದ 2005ರ ಪ್ರಯೋಗದಲ್ಲಿ ಮಧ್ಯಮ ಬದುಕುಳಿವು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 12.1 ತಿಂಗಳಿನಿಂದ 14.6ಕ್ಕೆ ಏರಿತು.

ಅಲ್ಟ್ರಾಸೌಂಡ್‌ನಿಂದ ತಡೆ ತೆರೆಯಬಹುದೇ?

ತೆರೆಯಬಹುದು. ರಕ್ತಕ್ಕೆ ಅತಿ ಸಣ್ಣ ಅನಿಲಗುಳ್ಳೆಗಳನ್ನು ಬಿಟ್ಟು, ತಲೆಬುರುಡೆಯ ಹೊರಗಿನಿಂದ ಅಲೆಗಳನ್ನು ಒಂದು ಬಿಂದುವಿಗೆ ಕೂಡಿಸುತ್ತಾರೆ. ಗುಳ್ಳೆಗಳು ಹಿಗ್ಗಿ ಕುಗ್ಗಿ ನಾಳದ ಹೊಲಿಗೆಯನ್ನು ಸಡಿಲಿಸುತ್ತವೆ, ಸುಮಾರು ಒಂದು ದಿನದಲ್ಲಿ ಅದು ಮತ್ತೆ ಮುಚ್ಚುತ್ತದೆ. ಟೊರೊಂಟೊದ ಸನ್ನಿಬ್ರೂಕ್ ತಂಡ 2018ರಲ್ಲಿ ಅಲ್ಝೈಮರ್ ರೋಗಿಗಳಲ್ಲಿ ಇದನ್ನು ಸುರಕ್ಷಿತವಾಗಿ ಮಾಡಬಹುದೆಂದು ತೋರಿಸಿತು. ಶಕ್ತಿ ಹೆಚ್ಚಾದರೆ ಗುಳ್ಳೆ ಸಿಡಿದು ರಕ್ತ ಒಸರುತ್ತದೆ. ಬುರುಡೆಯ ದಪ್ಪ ಒಬ್ಬೊಬ್ಬರಿಗೆ ಒಂದೊಂದು ತರ, ಅದಕ್ಕೆ ಪ್ರತಿಯೊಬ್ಬರ ಸಿಟಿ ಸ್ಕ್ಯಾನ್ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಇನ್ನೂ ಪ್ರಯೋಗದ ಹಂತ. ದುಡ್ಡು ತೆಗೆದುಕೊಂಡು ಮರೆವಿಗೆ ಇದೇ ಚಿಕಿತ್ಸೆ ಎನ್ನುವವರಿದ್ದರೆ ದೂರವಿರಿ.

ಆಂಟಿಬಾಡಿಯಂಥ ದೊಡ್ಡ ಅಣುಗಳ ಗತಿ?

ಆಂಟಿಬಾಡಿಯ ತೂಕ ಸುಮಾರು 1,50,000 ಡಾಲ್ಟನ್. ರಕ್ತದಲ್ಲಿರುವುದರ ಸಾವಿರಕ್ಕೆ ಒಂದೆರಡು ಪಾಲು ಒಳಗೆ ಹೋದರೆ ಹೆಚ್ಚು. ಅದಕ್ಕೆ ಉಪಾಯ, ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಗ್ರಾಹಕಕ್ಕೆ (ಕೋಶದ ಮೇಲಿನ ಕೊಕ್ಕೆಯಂಥ ರಿಸೆಪ್ಟರ್) ಔಷಧಿಯನ್ನು ನೇತುಹಾಕಿ ಕಳಿಸುವುದು. ಹಂಟರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಗೆ ಹೀಗೆ ತಯಾರಾದ ಪಬಿನಾಫಸ್ಪ್ ಆಲ್ಫಾಗೆ ಜಪಾನ್ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಗ್ರಾಹಕಕ್ಕೆ ತೀರಾ ಗಟ್ಟಿಯಾಗಿ ಅಂಟಿದರೆ ಔಷಧಿ ಆಚೆ ದಡದಲ್ಲಿ ಇಳಿಯುವುದೇ ಇಲ್ಲ, ನಾಳದ ಕೋಶದಲ್ಲೇ ನಾಶವಾಗುತ್ತದೆ. ಸಾಧಾರಣ ಅಂಟೇ ಉತ್ತಮ ಎಂದು ತಿಳಿಯಲು ವರ್ಷಗಳೇ ಹಿಡಿದವು. ಇನ್ನೊಂದು ದಾರಿ ತಡೆಯನ್ನು ದಾಟದೆ ಸುತ್ತಿಕೊಂಡು ಹೋಗುವುದು. ಎಸ್‌ಎಂಎ (ಸ್ನಾಯು ಕ್ಷಯಿಸುವ ಆನುವಂಶಿಕ ಕಾಯಿಲೆ) ಇರುವ ಮಕ್ಕಳಿಗೆ ನುಸಿನರ್ಸೆನ್ ಎಂಬ ಔಷಧಿ 12 ಮಿ.ಗ್ರಾಂ.ನ್ನು ಬೆನ್ನಿನ ನೀರಿಗೇ ಹಾಕುತ್ತಾರೆ, ಮೊದಲ ದಿನ, 14, 28, 63ನೆಯ ದಿನ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ.

ಅಲ್ಝೈಮರ್‌ನ ಹೊಸ ಆಂಟಿಬಾಡಿಗಳಿಂದ ಮಿದುಳು ಊದುತ್ತದೆ ಎನ್ನುತ್ತಾರೆ, ನಿಜವೇ?

ಹೌದು. ಲೆಕನೆಮ್ಯಾಬ್ ಪ್ರಯೋಗದಲ್ಲಿ 12.6% ಜನರ ಎಂಆರ್‌ಐನಲ್ಲಿ ಊತ ಕಂಡಿತು, ಔಷಧಿಯಿಲ್ಲದ ಗುಂಪಿನಲ್ಲಿ 1.7%. ಈ ಔಷಧಿ ಕಿತ್ತುಹಾಕುವ ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನ ಒಳಗಷ್ಟೇ ಅಲ್ಲ, ನಾಳದ ಗೋಡೆಯಲ್ಲೂ ಕೂತಿರುತ್ತದೆ. ಅದನ್ನು ಕಿತ್ತಾಗ ಗೋಡೆ ಸೋರುತ್ತದೆ. ಅಲ್ಝೈಮರ್ ಅಪಾಯ ಹೆಚ್ಚಿಸುವ ಅಪೋಇ-4 ಜೀನಿನ ಎರಡು ಪ್ರತಿ ಇದ್ದವರಲ್ಲಿ ಊತ ಕಂಡದ್ದು 32.6%, ಒಂದೂ ಇಲ್ಲದವರಲ್ಲಿ 5.4%. ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ. ಆದರೂ ಶುರು ಮಾಡುವ ಮುಂಚೆ ಜೀನ್ ಪರೀಕ್ಷೆ, ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಎಂಆರ್‌ಐ ಮಾಡಿಸಲಾಗದಿದ್ದರೆ ಈ ಔಷಧಿಗೆ ಕೈ ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ.

ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯರಲ್ಲಿ ಏಕೆ ಸೋಲುತ್ತದೆ?

ಪಿಎಚ್‌ಪಿ.ಬಿ ಎಂಬ ವೈರಸ್ ವಾಹಕದ ಉದಾಹರಣೆ ಸಾಕು. 2016ರಲ್ಲಿ ಅದು ಇಲಿಯ ಮಿದುಳಿಗೆ ಜೀನ್ ಸಾಗಿಸುವುದರಲ್ಲಿ ಎಲ್ಲವನ್ನೂ ಮೀರಿಸಿತು. ಆಮೇಲೆ ಇನ್ನೊಂದು ತಳಿಯ ಇಲಿಯಲ್ಲೇ ಅದು ಕೆಲಸ ಮಾಡಲಿಲ್ಲ, ಕೋತಿಯಲ್ಲೂ ಇಲ್ಲ. ಅದು ಹಿಡಿದುಕೊಂಡು ದಾಟುತ್ತಿದ್ದ ಎಲ್‌ವೈ6ಎ ಎಂಬ ಪ್ರೋಟೀನ್ ಮನುಷ್ಯರಲ್ಲಿ ಇಲ್ಲವೇ ಇಲ್ಲ ಎಂದು 2019ರಲ್ಲಿ ಗೊತ್ತಾಯಿತು.

ಅಳತೆಯ ತಪ್ಪುಗಳೂ ಇವೆ. ಮಿದುಳಿನ ಗಾತ್ರದ ಸುಮಾರು 3% ರಕ್ತವೇ. ಪ್ರಾಣಿಯ ರಕ್ತನಾಳಗಳನ್ನು ಲವಣದ ನೀರಿನಿಂದ ತೊಳೆಯದೆ ಮಿದುಳನ್ನು ಅರೆದರೆ ಆ ರಕ್ತದಲ್ಲಿದ್ದ ಆಂಟಿಬಾಡಿಯೇ ಒಳಗೆ ಹೋದದ್ದೆಂದು ಲೆಕ್ಕಕ್ಕೆ ಬರುತ್ತದೆ, ನಿಜದ ಹತ್ತು ಪಟ್ಟಿಗೂ ಹೆಚ್ಚಾಗಿ. ಸಣ್ಣ ಅಣುವಾದರೆ ಮಿದುಳಿನ ಕೊಬ್ಬಿಗೆ ಅಂಟಿದ್ದನ್ನೂ ಸೇರಿಸಿ ಎಣಿಸುತ್ತಾರೆ. ಕೆಲಸ ಮಾಡುವುದು ಅಂಟದೆ ಬಿಡಿಯಾಗಿ ಉಳಿದದ್ದು ಮಾತ್ರ. ಮಿದುಳು, ರಕ್ತ ಎರಡೂ ಕಡೆಯ ಬಿಡಿ ಪ್ರಮಾಣಗಳ ಅನುಪಾತ ಕೊಡದ ಪ್ರಬಂಧವನ್ನು ಅನುಮಾನದಿಂದ ಓದಿ.

ತಟ್ಟೆಯಲ್ಲಿ ಬೆಳೆಸಿದ ತಡೆಯ ಬಿಗಿಯನ್ನು ವಿದ್ಯುತ್ ರೋಧದಿಂದ ಅಳೆಯುತ್ತಾರೆ. ಜೀವಂತ ಮಿದುಳಿನ ನಾಳದಲ್ಲಿ ಅದು 1,500 ಓಮ್-ಚದರ ಸೆಂ.ಮೀ. ಆಸುಪಾಸು. ಅಳೆಯುವಾಗ ಖಾಲಿ ಪೊರೆಯ ರೋಧ ಕಳೆದು, ಪೊರೆಯ ವಿಸ್ತೀರ್ಣದಿಂದ ಗುಣಿಸಬೇಕು. ಇನ್‌ಕ್ಯುಬೇಟರಿನಿಂದ ತೆಗೆದ ತಕ್ಷಣ ಅಳೆದರೆ ಒಂದು ಅಂಕಿ, ಕೋಣೆಯ ತಾಪಕ್ಕೆ ಬಂದ ಮೇಲೆ ಇನ್ನೊಂದು. ಅಂಕಿ ಹೆಚ್ಚಿದ್ದರೂ ಮೋಸ ಹೋಗಬಹುದು: ಕಾಂಡಕೋಶದಿಂದ ಮಾಡಿದ, ಬಹಳ ಬಿಗಿಯೆಂದು ಹೆಸರಾದ ಒಂದು ಮಾದರಿಯ ಕೋಶಗಳು ರಕ್ತನಾಳದವಲ್ಲ, ಎಪಿಥೀಲಿಯಂ (ಅಂಗಗಳ ಹೊದಿಕೆ ಕೋಶ) ಜಾತಿಯವು ಎಂದು 2021ರಲ್ಲಿ ಇನ್ನೊಂದು ತಂಡ ತೋರಿಸಿತು.

ಎಳೆ ಮಗುವಿನ ಕಾಮಾಲೆ ಮಿದುಳಿಗೆ ಹೋಗುತ್ತದೆಯೇ?

ಹೋಗಬಹುದು. ಅಲ್ಬುಮಿನ್‌ಗೆ (ರಕ್ತದ ಒಂದು ಪ್ರೋಟೀನ್) ಅಂಟದ ಬಿಡಿ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ವಸ್ತು, ತಡೆ ದಾಟಿ ಕಿವಿಯ ನರಮಾರ್ಗವನ್ನೂ ಚಲನೆಯ ಕೇಂದ್ರಗಳನ್ನೂ ಹಾಳು ಮಾಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗಾಲಿನವರೆಗೆ ಇಳಿದರೆ, ಮಗು ಹಾಲು ಎಳೆಯದೆ ಮಂಕಾದರೆ ಅದೇ ದಿನ ರಕ್ತ ಪರೀಕ್ಷೆ. ಬೆಳಗಿನ ಬಿಸಿಲಿಗೆ ಹಿಡಿಯುವುದು ಆಸ್ಪತ್ರೆಯ ನೀಲಿ ಬೆಳಕಿಗೆ ಬದಲಿಯಲ್ಲ.

‘ಸೋರುವ ಮಿದುಳು’ ಸರಿಪಡಿಸುವ ಕ್ಯಾಪ್ಸೂಲ್ ಇದೆಯೇ?

ಇಲ್ಲ. ಬಿ.ಪಿ., ಸಕ್ಕರೆ ಹತೋಟಿಯಲ್ಲಿಡಿ, ದುಡ್ಡು ಉಳಿಸಿಕೊಳ್ಳಿ.

ಇಲ್ಲಿನ ಸಂಶೋಧನೆಯಲ್ಲಿ ಭಾಗವಹಿಸಲು ಏನು ಮಾಡಬೇಕು?

ಮಿದುಳಿನ ವೃದ್ಧಾಪ್ಯ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಯಾವುದೇ ಔಷಧಿ ಪ್ರಯೋಗಕ್ಕೆ ಕರೆದರೆ ಮೊದಲು ಸಿಟಿಆರ್‌ಐ (ದೇಶದ ಔಷಧಿ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್‌ನಿಂದ ಅದು ಕಡ್ಡಾಯ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ.

ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ದಾನ ಮಾಡುವ ಮನಸ್ಸಿದ್ದರೆ ಬರೀ ಕಾಗದಕ್ಕೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಆಗದು. ಸಾವಿನ ನಂತರ ಒಪ್ಪಿಗೆ ಕೊಡಬೇಕಾದವರು ಮನೆಯವರು, ಕೆಲವೇ ಗಂಟೆಗಳಲ್ಲಿ ಕೆಲಸ ಆಗಬೇಕು, ಅಲ್ಲಿಯವರೆಗೆ ದೇಹ ತಂಪಾಗಿರಬೇಕು. ಹಾಗಾಗಿ ಮಕ್ಕಳಿಗೆ ಈಗಲೇ ಹೇಳಿಡಿ, ಫೋನ್ ನಂಬರ್ ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆದಿಡಿ, ಹಳೆಯ ಸ್ಕ್ಯಾನ್ ಮತ್ತು ಡಿಸ್ಚಾರ್ಜ್ ಚೀಟಿಗಳನ್ನು ಒಂದೇ ಫೈಲಿನಲ್ಲಿ ಸೇರಿಸಿಡಿ. ಬದುಕಿದ್ದಾಗಿನ ಕಾಯಿಲೆಯ ವಿವರವಿಲ್ಲದ ಮಿದುಳಿನಿಂದ ಸಂಶೋಧಕರಿಗೆ ತಿಳಿಯುವುದು ಅರ್ಧ ಮಾತ್ರ.